ಏಳು ಸಲ ನೋಡಿದ ಸಿನಿಮಾ, ಒಂದು ಸಲ ಆಡಿದ ಮಾತು

ನಿಮಗೂ ಹೀಗಾಗಿದೆಯಾ? ಸಿನಿಮಾದಲ್ಲಿ ಕೇಳಿದ ಒಂದು ಮಾತನ್ನು ಆಡಬಾರದವರ ಮೇಲೆ ಆಡಿ, ಆಮೇಲೆ ಆ ಸಿನಿಮಾ ಟೀವಿಯಲ್ಲಿ ಬಂದಾಗಲೆಲ್ಲ ಚಾನೆಲ್ ಬದಲಿಸಿದ್ದೀರಾ? ನಾನು ಹದಿನೆಂಟು ವರ್ಷ ಬದಲಿಸಿದ್ದೇನೆ. "ಅಲ್ರೀ, ಊರ ಮಂದಿಯೆಲ್ಲಾ ಬಾಯಿ ತಕ್ಕೊಂಡು ನೋಡ್ತಾರ, ನಿಮಗೊಬ್ಬರಿಗೇ ಯಾಕ ಹೊಟ್ಟಿ ನೋಸ್ತೈತಿ?" ಎಂದು ಹೆಂಡತಿ ಕೇಳುತ್ತಿದ್ದಳು. ಪಿತ್ತ ಎನ್ನುತ್ತಿದ್ದೆ.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ಕಮೆಂಟಿನಲ್ಲಿ ಡೈಲಾಗ್ ಬರೆಯಲು ಶುರು ಮಾಡುತ್ತೀರಿ, ನನ್ನ ಮಾತು ಅಲ್ಲೇ ಸಾಯುತ್ತದೆ. ಒಬ್ಬ ಡಾನ್, ಒಬ್ಬ ಪೊಲೀಸು, ಒಂದು ಮೋಸ. ಕಥೆ ಇಷ್ಟೇ, ಬಸ್ ಟಿಕೇಟಿನ ಹಿಂದೆ ಬರೆದರೂ ಜಾಗ ಉಳಿಯುತ್ತದೆ. ಹಾಗಿದ್ದೂ ಅದಕ್ಕಿಂತ ಹತ್ತು ಪಟ್ಟು ಖರ್ಚು ಮಾಡಿ ಕಾರು ಹಾರಿಸಿದ ಸಿನಿಮಾಗಳು ಸತ್ತವು, ಇದು ಸಾಯಲಿಲ್ಲ. ಇಂದಿಗೂ ಹುಡುಗರು ಅದರ ತುಣುಕನ್ನು ಸ್ಟೇಟಸ್ಸಿಗೆ ಹಾಕುತ್ತಾರೆ. ಯಾಕೆ?

ನನ್ನ ಮೊದಲ ಉತ್ತರ ಸರಳವಾಗಿತ್ತು. ಕಥೆಯನ್ನು ಮನೆಗೆ ಒಯ್ಯಲು ಆಗುವುದಿಲ್ಲ, ಮಾತನ್ನು ಒಯ್ಯಬಹುದು, ಕಿವಿಯ ಸಂದಿನಲ್ಲಿ ಬೀಡಿ ಸಿಕ್ಕಿಸಿಕೊಂಡ ಹಾಗೆ. ಅದೂ ಅಲ್ಲದೆ ಆ ಡಾನ್ ಕೂಗುವುದಿಲ್ಲ. ನಮ್ಮ ಬನಹಟ್ಟಿಯಲ್ಲಿ ಮಗ್ಗಗಳ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡುವವರು. ಗಂಡ ಹೆಂಡತಿಗೆ ಗುಟ್ಟು ಹೇಳಿದರೆ ಮೂರು ಓಣಿಗೆ ಕೇಳುತ್ತದೆ. ಅಂಥ ಊರಿನಲ್ಲಿ, ಪಿಸುಮಾತಿನಲ್ಲೇ ಎದುರಿನವನ ಬೆವರಿಳಿಸುವವನು ನಮಗೆ ದೇವರಂತೆ ಕಂಡ. ಬೀಳಗಿಯ ನನ್ನ ಸೋದರಮಾವ, ಹೊಲ ಅಣೆಕಟ್ಟಿನ ಹಿನ್ನೀರಿಗೆ ಹೋಗುವಾಗ ಅಳತೆಗೆ ಬಂದವರ ಎದುರು ಇದೇ ಸಿನಿಮಾದ ಮಾತು ಹೊಡೆದಿದ್ದ. ಹೊಡೆದ ಮೇಲೆ ಅವರ ಟೇಪಿನ ಇನ್ನೊಂದು ತುದಿಯನ್ನು ತಾನೇ ಹಿಡಿದುಕೊಂಡು ನಿಂತಿದ್ದ.

ತೊಂಬತ್ತರ ದಶಕದ ಕೊನೆ. ನಾನು ಜಮಖಂಡಿಯಲ್ಲಿ ಡಿಗ್ರಿ ಮುಗಿಸಿ, ಕೆಲಸ ಸಿಗದೆ, ಅಪ್ಪನ ಎಂಟು ಮಗ್ಗದ ಕಾರ್ಖಾನೆಯಲ್ಲಿ ಸಾವಕಾರನ ಮಗ ಎಂಬ ಹುದ್ದೆಯಲ್ಲಿದ್ದೆ. ಆ ಹುದ್ದೆಗೆ ಕೆಲಸವಿರಲಿಲ್ಲ, ಕಪ್ಪು ಕನ್ನಡಕವಿತ್ತು. ಸಿನಿಮಾವನ್ನು ಬನಹಟ್ಟಿಯಲ್ಲಿ ನಾಲ್ಕು ಸಲ ನೋಡಿದೆ. ಅದು ಜಮಖಂಡಿಗೆ ಹೋದಾಗ ಹಿಂದೆಯೇ ಹೋಗಿ ಎರಡು ಸಲ, ಮುಧೋಳಕ್ಕೆ ಹೋದಾಗ ಮತ್ತೊಂದು ಸಲ ನೋಡಿದೆ. ಅದರಲ್ಲೊಂದು ದೃಶ್ಯವಿದೆ. ಡಾನ್‌ನ ಹಳೆಯ ಬಂಟನೊಬ್ಬ ಒಂದು ತಪ್ಪು ಮಾಡುತ್ತಾನೆ. ಡಾನ್ ಎದುರು ಕುಳಿತು ಮೆಲ್ಲಗೆ ಹೇಳುತ್ತಾನೆ: "ನಾನು ಯಾರನ್ನೂ ಹೊಡೆಯೋದಿಲ್ಲ. ಅವರ ಕುರ್ಚಿಯಲ್ಲಿ ಇನ್ನೊಬ್ಬರನ್ನ ಕೂರಿಸ್ತೀನಿ." ಟಾಕೀಸು ಸೀಟಿಯಿಂದ ಹಾರಿಹೋಗುತ್ತಿತ್ತು. ನಾನೂ ಎರಡು ಬೆರಳು ಬಾಯಿಗಿಟ್ಟವನೇ.

ಆಗ ನಮ್ಮಲ್ಲಿ ಮಲ್ಲಪ್ಪ ಕಾಕಾ ಎಂಬ ಹಿರಿಯ ನೇಕಾರ ಇದ್ದ. ತುಂಡಾದ ಎಳೆಗೆ ಗಂಟು ಹಾಕುವುದನ್ನು ನನಗೆ ಕಲಿಸಿದವನು ಅವನೇ. ಐವತ್ತು ದಾಟಿದ ಮೇಲೆ ಅವನ ಸೀರೆಗಳಲ್ಲಿ ಗೆರೆ ಬೀಳತೊಡಗಿದವು. ತುಂಡಾದ ಎಳೆ ಅವನಿಗೆ ಕಾಣುತ್ತಿರಲಿಲ್ಲ. ಅಪ್ಪ ಬೈಯುತ್ತಿದ್ದ, ಆದರೆ ಕೆಲಸ ಬಿಡಿಸುತ್ತಿರಲಿಲ್ಲ. "ಅವನ್ನ ಬಿಡಿಸಿದ್ರ ಎಲ್ಲಿ ಹೋಗ್ತಾನಲೇ? ಲಾಳಿ ಬಿಟ್ರ ಬ್ಯಾರೆ ಏನ್ ಬರತೈತಿ ಅವಗ?" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನನ್ನ ಗೆಳೆಯ ಬಸ್ಯಾ ಬಂದಿದ್ದ. ಎಂಟೂ ಮಗ್ಗ ಓಡುತ್ತಿದ್ದವು. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ, ಹದಿನೈದು ಅಡಿ ಆಚೆ ನಿಂತಿದ್ದ ಕಾಕಾನ ಕಡೆ ಗದ್ದ ತೋರಿಸಿ, ಡಾನ್‌ನ ಹಾಗೆ ತುಟಿ ಬಿಡಿಸಿ ಬಿಡಿಸಿ ಹೇಳಿದೆ: "ನಾನು ಯಾರನ್ನೂ ಹೊಡೆಯೋದಿಲ್ಲ. ಈ ಮುದುಕನ ಮಗ್ಗಕ್ಕೆ ಇನ್ನೊಬ್ಬನನ್ನ ನಿಲ್ಲಿಸ್ತೀನಿ." ಬಸ್ಯಾ ತೊಡೆ ತಟ್ಟಿ ನಕ್ಕ. "ಲೇ, ಬೆಂಗಳೂರಾಗ ಹುಟ್ಟಬೇಕಿತ್ತಲೇ ನೀ!"

ಆ ಸದ್ದಿನಲ್ಲಿ ಕಾಕಾನಿಗೆ ಹೇಗೆ ಕೇಳೀತು ಎಂದುಕೊಂಡಿದ್ದೆ. ಈಗ ನನ್ನ ಊರಿನವರು ಹಣೆ ಚಚ್ಚಿಕೊಳ್ಳುತ್ತಿರಬೇಕು. ವರ್ಷಗಟ್ಟಲೆ ಮಗ್ಗದ ಮುಂದೆ ನಿಂತವನಿಗೆ ಕಿವಿ ಬೇಕಾಗಿಲ್ಲ, ಅವನು ತುಟಿ ನೋಡಿಯೇ ಮಾತು ತಿಳಿಯುತ್ತಾನೆ. ಟಾಕೀಸಿನಲ್ಲಿ ಸೌಂಡು ಕೆಟ್ಟರೆ ಬೇರೆ ಊರಿನವರು ಪರದೆಗೆ ಕಲ್ಲು ಒಗೆಯುತ್ತಾರೆ, ನಮ್ಮ ನೇಕಾರರು ಶೇಂಗಾ ತಿನ್ನುತ್ತ ನೋಡುತ್ತಾರೆ. ಇದು ನನಗೆ ಗೊತ್ತಿತ್ತು. ಸಾವಕಾರನ ಮಗನಿಗೆ ಮರೆತುಹೋಗಿತ್ತು, ಅಷ್ಟೆ.

ಕಾಕಾ ತಲೆ ತಗ್ಗಿಸಿದ. ಸಂಜೆಯವರೆಗೆ ನಿಂತು ಆ ಸೀರೆ ಮುಗಿಸಿದ, ಕತ್ತರಿಸಿ ಮಡಚಿಟ್ಟ, ಮಗ್ಗಕ್ಕೆ ಎಣ್ಣೆ ಬಿಟ್ಟು ಬಟ್ಟೆಯಿಂದ ಒರೆಸಿದ. ಆಮೇಲೆ ಅಪ್ಪನ ಮುಂದೆ ಬಂದು, "ನಾಳಿಂದ ಬರಂಗಿಲ್ಲರಿ, ಸಾವಕಾರ್ರ" ಎಂದ.

"ಯಾಕಲೇ? ಏನಾತು?"

"ಏನಿಲ್ಲರಿ. ಕಣ್ಣ ಮಬ್ಬ ಆಗ್ಯಾವು."

ಅಪ್ಪ ನನ್ನ ಕಡೆ ನೋಡಿದ. ಇಡೀ ಸಿನಿಮಾ ಬಾಯಿಪಾಠವಿದ್ದ ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಕಾಕಾ ತನ್ನ ಮಗಳ ಊರು ಚಿಮ್ಮಡಕ್ಕೆ ಹೋದ.

ನಲವತ್ತು ದಾಟಿದ ಮೇಲೆ ನನಗೂ ಪೇಪರಿನ ಅಕ್ಷರ ಕಾಣದಾಯಿತು. ಆಸ್ಪತ್ರೆಯಲ್ಲಿ ದೂರದ ಪಟ್ಟಿ ಓದಿಸಿದರು, ಪಟಪಟ ಓದಿದೆ. "ದೂರದ್ದು ಛಲೋ ಐತ್ರಿ. ಹತ್ತರದ್ದಕ್ಕಷ್ಟ ಚಸ್ಮಾ ಬೇಕು. ವಯಸ್ಸಿನ ಮ್ಯಾಲೆ ಎಲ್ಲಾರಿಗೂ ಆಗೂದು" ಎಂದರು ಡಾಕ್ಟರು. ಆಗ ಮಲ್ಲಪ್ಪ ಕಾಕಾ ನೆನಪಾದ. ಕೈಯಳತೆಯ ಎಳೆ ಕಾಣದ ಕಾಕಾನಿಗೆ ಹದಿನೈದು ಅಡಿ ದೂರದ ನನ್ನ ತುಟಿ ಚೆನ್ನಾಗಿ ಕಂಡಿತ್ತು! ಅವನಿಗೆ ಬೇಕಾಗಿದ್ದದ್ದು ಸಂತೆಯಲ್ಲಿ ಸಿಗುವಂಥ ಒಂದು ಚಸ್ಮಾ. ಕಾರ್ಖಾನೆಯಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದವನು ನಾನೊಬ್ಬನೇ, ನನಗೂ ಅದು ಹೊಳೆಯಲಿಲ್ಲ.

ಆ ವಾರ ಟೀವಿಯಲ್ಲಿ ಸಿನಿಮಾ ಬಂತು. ಚಾನೆಲ್ ಬದಲಿಸಲಿಲ್ಲ. ಆ ದೃಶ್ಯ ಬಂದಾಗ ಗಮನಿಸಿದೆ, ಮಾತು ಮುಗಿದ ಮೇಲೆ ಕ್ಯಾಮೆರಾ ಡಾನ್‌ನ ಮೇಲೆ ಇರುವುದೇ ಇಲ್ಲ. ಬಂಟನ ಮುಖದ ಮೇಲೆ ನಿಲ್ಲುತ್ತದೆ, ಬಹಳ ಹೊತ್ತು. ಅವನು ಅಳುವುದಿಲ್ಲ, ಕಾಲಿಗೆ ಬೀಳುವುದಿಲ್ಲ. ಎದ್ದು, ಕುರ್ಚಿಯನ್ನು ನೇರವಾಗಿ ಒಳಗೆ ತಳ್ಳಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಾನೆ. ಏಳು ಸಲ ನೋಡಿದವನು ಇದನ್ನು ಒಂದು ಸಲವೂ ನೋಡಿರಲಿಲ್ಲ. ಆ ಹೊತ್ತಿಗೆ ನಾವು ಸೀಟಿ ಹೊಡೆಯುತ್ತಿದ್ದೆವು. ಮಾತು ಬರೆಯುವ ಜಾಣರು ಬಹಳ ಮಂದಿ ಇದ್ದಾರೆ. ಅದು ತಗುಲಿದವನ ಮುಖಕ್ಕೆ ಜಾಗ ಬಿಟ್ಟದ್ದಕ್ಕೇ ಈ ಸಿನಿಮಾ ಉಳಿದಿದೆ ಎಂದು ನನಗೆ ಈಗ ಅನ್ನಿಸುತ್ತದೆ.

ಭಾನುವಾರ ಚಿಮ್ಮಡಕ್ಕೆ ಹೋದೆ. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದ, ಈಗ ಕಿವಿ ಪೂರ್ತಿ ಹೋಗಿತ್ತು. ಮಗಳು ಕಮಲವ್ವ ಜೋಳ ಹಸನು ಮಾಡುತ್ತಿದ್ದಳು. ಅವನ ಎದುರು ಕುಳಿತು, ಅವಳಿಗೆ ಕೇಳಿಸದಂತೆ ಬರೀ ತುಟಿಯಲ್ಲಿ, "ತಪ್ಪಾತು ಕಾಕಾ. ಅವತ್ತ ನಾ ಆಡಿದ್ದು ತಪ್ಪಾತು" ಎಂದೆ. ಅಲ್ಲಿಯೂ ಕಳ್ಳತನವೇ.

ಕಾಕಾ ಮಗಳ ಕಡೆ ಕೈ ಮಾಡಿದ. "ನನಗ ಹೇಳಿ ಏನ್ ಮಾಡ್ತಿ ತಮ್ಮಾ? ನನಗ ಅವತ್ತಽ ಗೊತ್ತೈತಿ. ಇಕಿಗೆ ಹೇಳು. ಬಾಯಿ ಬಿಟ್ಟು ಹೇಳು. ಅಪ್ಪ ಮೈಗಳ್ಳ, ದುಡಿಯೂದು ಬಿಟ್ಟ ಬಂದು ಕುಂತಾನ ಅಂತ ಇಷ್ಟ ವರ್ಷ ತಿಳದಾಳ."

ಕಮಲವ್ವನ ಕೈಯ ಮೊರ ನಿಂತಿತು. ನಾನು ಅವತ್ತು ಆಡಿದ್ದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಪಕ್ಕದ ಮನೆಯವರೂ ಇಣುಕಿದರು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪನ ಮುಂದೆ ಬಂದು ನಿಂತು, "ಯಪ್ಪಾ, ನನಗರ ಒಂದ ಮಾತ ಹೇಳಾಕ ಏನಾಗಿತ್ತು ನಿನಗ?" ಎಂದಳು.

"ಹೇಳಿದ್ರ ನೀ ಸುಮ್ನ ಇರ್ತಿದ್ದೇನು? ಸಾವಕಾರ್ರ ಮನಿಗೆ ಹೋಗಿ ಬಾಯಿ ಮಾಡ್ತಿದ್ದಿ. ಅವರು ಇವನ್ನ ಹೊಡೀತಿದ್ರು" ಎಂದ ಕಾಕಾ. "ಮೊದಲಽ ಕಡ್ಡಿಯಂಗ ಇದ್ದ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಕಾಕಾ ಅವಳು ಹೋದ ಬಾಗಿಲನ್ನೇ ನೋಡುತ್ತ ಕುಳಿತ. ನಾನು ಅವನ ಮುಖವನ್ನೇ ನೋಡಿದೆ.

ಈಗ ನೀವು ಹೇಳಿ. ಯಾವುದಾದರೂ ಸಿನಿಮಾದ ಮಾತು ಎತ್ತಿ ಯಾರಿಗಾದರೂ ಹೊಡೆದಿದ್ದೀರಾ? ಕೆಳಗೆ ಬರೆಯಿರಿ. ಡೈಲಾಗ್ ಬರೆಯಬೇಡಿ, ಅದು ನಮಗೆಲ್ಲ ಬಾಯಿಪಾಠ ಇರುತ್ತದೆ. ಕೇಳಿಸಿಕೊಂಡವರು ಆಮೇಲೆ ಏನು ಮಾಡಿದರು, ಅದನ್ನು ಬರೆಯಿರಿ. ಅವರು ಇನ್ನೂ ಬದುಕಿದ್ದರೆ, ನನಗೆ ಬರೆಯುವ ಮೊದಲು ಅವರ ಮನೆಗೆ ಹೋಗಿ ಬನ್ನಿ.