ಮಲ್ಲನಿಗೆ ಹುರುಳಿ ಬಿಡಿಸಿದ್ದು

ಚಳ್ಳಕೆರೆ ಬಿಟ್ಟಾಗ ಬಿಸಿಲಿನ್ನೂ ಏರಿರಲಿಲ್ಲ. ನನ್ನ ಜೊತೆಗಿದ್ದವನು ಮಲ್ಲ, ನಮ್ಮ ಮನೆಯ ಬೀಜದ ಹೋರಿ. ಕರುವಾಗಿದ್ದಾಗಿನಿಂದ ಬೇಯಿಸಿದ ಹುರುಳಿ, ಹತ್ತಿಕಾಳು ಕೈಯಾರೆ ತಿನ್ನಿಸಿ ಬೆಳೆಸಿದವನು ನಾನು. ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಆದರೆ ಬೆದೆಗೆ ಬಂದ ಹಸು ಎದುರು ನಿಂತರೂ ಮಲ್ಲ ಗೋದಲಿಯ ಕಡೆಗೇ ನೋಡುತ್ತಿದ್ದ. "ಯುಗಾದಿಯೊಳಗೆ ಸರಿಹೋಗ್ದಿದ್ರೆ ಬೀಜ ಒಡೆಸಿ ನೊಗಕ್ಕೆ ಹೂಡಾದೇ" ಎಂದು ಅಣ್ಣ ಖಡಾಖಂಡಿತವಾಗಿ ಹೇಳಿದ್ದ. ಮೊಳಕಾಲ್ಮೂರಿನ ಕಡೆ ಹುಲ್ಲುಗಾವಲಲ್ಲಿ ಬಿಟ್ಟರೆ ಹೋರಿ ಚುರುಕಾಗುತ್ತದೆಂದು ಕೇಳಿ ಹೊರಟಿದ್ದೆ.

ತಳಕಿಗೆ ಹನ್ನೆರಡು ಮೈಲಿ. ನಮಗೆ ಎರಡು ದಿನ ಹಿಡಿಯಿತು. ಸ್ವಲ್ಪ ನಡೆದರೆ ಮಲ್ಲನಿಗೆ ಏದುಸಿರು, ಮರ ಕಂಡಲ್ಲೆಲ್ಲ ಮಲಗುವ ಆಸೆ. ತಳಕಿನಲ್ಲಿ ಸಜ್ಜೆ ರೊಟ್ಟಿ ಕೊಟ್ಟ ಮುದುಕಿ ಅವನನ್ನು ಒಂದು ಸುತ್ತು ಬಂದು, "ಹೋರಿಯೇನಪ್ಪಾ ಇದು? ನಾನು ತುಂಬಿದ ಗಬ್ಬದ ಹಸ ಅಂದ್ಕಂಡೆ!" ಎಂದಳು. ರೊಟ್ಟಿ ಚೆನ್ನಾಗಿತ್ತು, ಮಾತು ಚೆನ್ನಾಗಿರಲಿಲ್ಲ.

ಐದನೆಯ ದಿನ ಸಿದ್ದಾಪುರದ ಕಲ್ಲುಗುಡ್ಡಗಳು ಸಿಕ್ಕವು. ಚಿತ್ತೆ ಮಳೆಗೆ ಹುಲ್ಲು ಮೊಳಕಾಲುದ್ದ ಬಂದಿತ್ತು. ಅಲ್ಲಿ ದೇವರಿಗೆ ಬಿಟ್ಟ ದನಗಳನ್ನು ಕಾಯುವ ಕಿಲಾರಿ ಓಬಯ್ಯನ ಗುಡಿಸಿಲೂ ದನ ಕೂಡುವ ರೊಪ್ಪವೂ ಇದ್ದವು. ಆ ಮಂದೆಯ ಹೋರಿಯ ಪಕ್ಕೆಲುಬು ಎಣಿಸಬಹುದಿತ್ತು. ಅದರ ಹಿಂದೆ ಅದೇ ಬಣ್ಣದ ಕರುಗಳ ದಂಡೇ ಇತ್ತು.

"ಇದಕ್ಕೆ ಕಾಳು ಹಾಕಲ್ವೇ?" ಎಂದೆ.

"ದೇವರ ದನಕ್ಕೆ ಕಾಳೇನು ಗೌಡ್ರೆ? ನಡೆದು ಮೇಯ್ತದೆ, ನಡೆದು ನೀರು ಕುಡೀತದೆ. ಕರು ನೀವೇ ನೋಡ್ರಲ್ಲ. ಇನ್ಮೇಲೆ ಇದಕ್ಕೂ ಕಾಳಿಲ್ಲ" ಎಂದು ಓಬಯ್ಯ ಮಲ್ಲನ ಮೂಗುದಾರ ಬಿಚ್ಚಿ ಬಿಸಾಡಿದ.

ಆ ದಿನ ಮಲ್ಲ ಒಂದೆಸಳು ಹುಲ್ಲೂ ಮುಟ್ಟಲಿಲ್ಲ; ನನ್ನ ಕೈಯನ್ನೇ ಮೂಸುತ್ತ ಗುಡಿಸಿಲ ಮುಂದೆ ನಿಂತ. ಮರುದಿನವೂ ಅಷ್ಟೆ. ಓಬಯ್ಯ ನೀರಿಗೆ ಹೋದಾಗ ನಾನು ರಾತ್ರಿ ನೆನೆಸಿ ಗಂಟಿನಲ್ಲಿ ಬಚ್ಚಿಟ್ಟಿದ್ದ ಹುರುಳಿ ತೆಗೆದು ಎರಡು ಹಿಡಿ ತಿನ್ನಿಸಿದೆ. ಕಳ್ಳತನವಾದರೂ ಮನಸ್ಸು ತಂಪಾಯಿತು.

ಮೂರನೆಯ ಬೆಳಿಗ್ಗೆ ಓಬಯ್ಯ ಕೋಲಿನಿಂದ ಮಲ್ಲನ ಸಗಣಿ ಕೆದಕಿದ. ಹುರುಳಿಯ ಸಿಪ್ಪೆ ಎದ್ದು ಕಂಡಿತು.

"ಯಾರು ಹಾಕಿದ್ದು?"

"ಉಪಾಸ ಐತಲ್ಲಾ ಪಾಪ ಅಂತ..." ಎಂದು ತಡವರಿಸಿದೆ.

"ಹೋರಿಗೆ ಹುರುಳಿ ಬಿಡಿಸಬೌದು ಗೌಡ್ರೆ, ನಿಮಗೆ ಬಿಡಿಸೋದು ನನ್ನ ಕೈಲಾಗಲ್ಲ. ನೀವು ಕಣ್ಣಿಗೆ ಬೀಳ್ತಿರೋ ತನಕ ಅದು ಗಡ್ಡಿಗೆ ಬಾಯಿ ಹಾಕಲ್ಲ" ಎಂದ. ಆ ಕಡೆ ಹುಲ್ಲಿಗೆ ತೆಲುಗಿನ ಈ ಮಾತೇ ಬಳಕೆ. "ಈಗ್ಲೇ ಹೊಂಡ್ರಿ."

ಹೊರಟೆ. ಆದರೆ ದೂರ ಹೋಗಲಿಲ್ಲ. ಗುಡ್ಡದ ಮೇಲೊಂದು ಬಂಡೆಯ ಮರೆಯಲ್ಲಿ ಕೂತೆ. ಮಂದೆ ಮೇವಿಗೆ ಹೋಯಿತು. ಮಲ್ಲ ಒಬ್ಬನೇ ಗುಡಿಸಿಲ ಬಾಗಿಲು ನೋಡುತ್ತ ನಿಂತ, ಎರಡು ಸಲ ಕೂಗಿದ. ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ ನಿಧಾನವಾಗಿ ಹಸುಗಳ ದಾರಿ ಹಿಡಿದ. ನಡುವೆ ನಿಂತು ತಲೆ ತಗ್ಗಿಸಿದ. ಒಂದು ಬಾಯಿ ಹುಲ್ಲು ಕಿತ್ತ, ಆಮೇಲೆ ಇನ್ನೊಂದು.

ತಡೆಯಲಾರದೆ ಎದ್ದು "ಮಲ್ಲಾ!" ಎಂದು ಕೂಗಿದೆ. ಕಿವಿ ಇತ್ತ ತಿರುಗಿತು, ತಲೆ ಏಳಲಿಲ್ಲ. ಮೇಯುತ್ತ ಮೇಯುತ್ತ ಮುಂದೆ ಹೋದ. ನಾನು ಅಷ್ಟು ದೂರ ನಡೆದು ಬಂದದ್ದು ಇದಕ್ಕೇ. ಆದರೂ ಇನ್ನೊಂದು ಸಲ ಕೂಗಿದೆ. ಆಮೇಲೆ ಮಲ್ಲನನ್ನು ಅಲ್ಲೇ ಬಿಟ್ಟು, ಉಳಿದ ಹುರುಳಿಯ ಗಂಟು ಹೊತ್ತು ತಳಕಿನ ದಾರಿ ಹಿಡಿದೆ.