ನಾಲ್ಕನೇ ಜ್ವರದ ದಿನದ ಪ್ರವಾಸ

ಮೈಸೂರು ಅರಮನೆ ಹೇಗಿದೆ ಅಂತ ಯಾರಾದರೂ ಕೇಳಿದರೆ ನನಗೆ ಕಂಬಗಳೂ ನೆನಪಾಗುವುದಿಲ್ಲ, ಚಾವಣಿಯ ಗಾಜಿನ ನವಿಲುಗಳೂ ನೆನಪಾಗುವುದಿಲ್ಲ. ನನ್ನ ತಂಗಿಯ ಕೆನ್ನೆಗೆ ಬಿದ್ದ ಏಟಿನ ಸದ್ದು ನೆನಪಾಗುತ್ತದೆ. ಕಲ್ಯಾಣ ಮಂಟಪದ ಆ ಎತ್ತರಕ್ಕೆ ಅದು ಹೋಗಿ ವಾಪಸು ಬಂತು. ರಾಜರ ಮನೆಯ ಮದುವೆಗಳು ನಡೆಯುತ್ತಿದ್ದ ಜಾಗವಂತೆ ಅದು. ಒಳ್ಳೇ ಜಾಗವನ್ನೇ ಹುಡುಕಿಕೊಂಡಿದ್ದ ಅವಳ ಗಂಡ, ಹಾಳಾದೋನು.

ಹೊಸ ಶತಮಾನ ಶುರುವಾಗಿದ್ದ ಹೊಸತು. ಚನ್ನಪಟ್ಟಣ ತಾಲ್ಲೂಕಿನಲ್ಲಿ, ಹೊಂಗನೂರಿನ ಕಡೆ, ಅಕ್ಕಪಕ್ಕದ ಎರಡು ಊರುಗಳಿಗೆ ನಮ್ಮಿಬ್ಬರನ್ನು ಕೊಟ್ಟಿದ್ದರು. ನನಗೆ ಸಿಕ್ಕವನು ತೆಪ್ಪಗಿರುವ ಮನುಷ್ಯ. ನಮ್ಮ ಮನೆಯಲ್ಲಿ ಬೈಯುವ ಕೆಲಸವೂ ನನ್ನದೇ. ಅವಳಿಗೆ ಸಿಕ್ಕವನಿಗೆ ಕೈ ಮೊದಲು, ಮಾತು ಆಮೇಲೆ. ಸಾರಿಗೆ ಉಪ್ಪು ಹೆಚ್ಚಾದರೆ ಏಟು. ಡೈರಿಗೆ ಹಾಲು ಹಾಕಿ ಬರುವಾಗ ಯಾರ ಜೊತೆಯಾದರೂ ನಕ್ಕರೆ ಏಟು. ಒಂದು ಸಲ ಸೊಪ್ಪು ಕುಯ್ಯುವ ಕುಡುಗೋಲಿನ ಹಿಡಿಯಲ್ಲಿ ಬಡಿದು ಅವಳ ಎಡಗಿವಿ ಮಂದ ಮಾಡಿದ್ದ. ಬಿಟ್ಟು ಬಂದುಬಿಡು, ನನ್ನ ಮನೆಯಲ್ಲಿರು ಅಂತ ಬಾಯಿ ನೋಯುವಷ್ಟು ಹೇಳಿದ್ದೆ. ಪ್ರತಿ ಸಲವೂ ಅವಳದು ಒಂದೇ ಮಾತು.

"ಈ ಬೆಳೆ ಇಳೀಲಿ ಕಣಕ್ಕ, ಆಮ್ಯಾಕೆ ನೋಡಾನ."

ಬೆಳೆ ಅಂದರೆ ರೇಷ್ಮೆ. ಒಂದು ಬೆಳೆಯ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ ಇನ್ನೊಂದು ಬೆಳೆಯ ಎಳೆಹುಳು ಮನೆಗೆ ಬಂದಿರುತ್ತಿತ್ತು. ಹಾಗಾಗಿ ಆ 'ಆಮ್ಯಾಕೆ' ಅನ್ನುವುದು ಬರಲೇ ಇಲ್ಲ. ಹುಳು ಸಾಕುವುದರಲ್ಲಿ ಮಾತ್ರ ಅವಳ ಕೈ ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಅವಳ ಗೂಡು ಬಂತೆಂದರೆ ಹರಾಜು ಕೂಗುವವರು ಕೈಗೆತ್ತಿಕೊಂಡು ನೋಡುತ್ತಿದ್ದರು. ಆ ಮನೆಯಲ್ಲಿ ಅವಳಿಗೆ ಅಂತ ಇದ್ದದ್ದು ಅದೊಂದೇ, ಅದನ್ನು ಬಿಟ್ಟು ಬರಲು ಅವಳಿಗೆ ಆಗುತ್ತಿರಲಿಲ್ಲ.

ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಅದಕ್ಕೆ ಸೊಪ್ಪು ಬೇಡ, ಯಾರೂ ಮುಟ್ಟಲೂಬಾರದು. ರೇಷ್ಮೆ ಮನೆಯ ಹೆಂಗಸಿಗೆ ಬಿಡುವು ಅಂತ ಸಿಗುವುದು ಆಗಲೇ. ಎರಡೂ ಊರಿನ ಮಹಿಳಾ ಸಂಘದವರು ಒಂದೇ ಕಡೆಯಿಂದ ಎಳೆಹುಳು ತಂದಿದ್ದೆವು, ಎಲ್ಲರ ಮನೆಯಲ್ಲೂ ಒಂದೇ ದಿನ ನಾಲ್ಕನೇ ಜ್ವರ. ಆ ದಿನಕ್ಕೇ ಬಸ್ಸು ಗೊತ್ತು ಮಾಡಿದೆವು. ಬೆಳಿಗ್ಗೆ ಅರಮನೆ, ಮಧ್ಯಾಹ್ನ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್, ಸಂಜೆಗೆ ಮನೆ. ಹುಳುವಿನ ಜ್ವರ ನೋಡಿ ಟೂರು ಹೊರಡುವವರು ಪ್ರಪಂಚದಲ್ಲಿ ನಾವೇ ಇರಬೇಕು!

ತಂಗಿ ಒದ್ದೆ ತಲೆಯಲ್ಲೇ ಓಡಿಬಂದು ಬಸ್ಸು ಹತ್ತಿ ನನ್ನ ಪಕ್ಕ ಕೂತಳು.

"ಹೊಸ್ಲು ದಾಟುದ್ರೆ ಕಾಲ್ ಮುರೀತೀನಿ ಅಂದವ್ನೆ ಕಣಕ್ಕ. ಇನ್ನೂ ಎದ್ದಿರ್ನಿಲ್ಲ, ಬಂದ್ಬುಟ್ಟೆ."

"ಸಂಜೆ ಅಲ್ಲಿಗೇ ಹೋದೀಯಾ?"

"ಹೋಗ್ದೆ? ಸಂಜೆಗೆ ಹುಳ ಜ್ವರದಿಂದ ಏಳ್ತವೆ. ಸೊಪ್ಪು ಯಾರ್ ಹಾಕಾರು?"

ನನ್ನ ಮೈ ಉರಿಯಿತು. ಆದರೆ ಎಷ್ಟೋ ವರ್ಷದ ಮೇಲೆ ಕಿಟಕಿ ಪಕ್ಕ ಕೂತು ಊರು ನೋಡುತ್ತಿದ್ದಾಳೆ, ಹಾಳುಮಾಡುವುದು ಬೇಡ ಅಂತ ಬಾಯಿ ಮುಚ್ಚಿಕೊಂಡೆ.

ಅರಮನೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಗೈಡು ಕಡ್ಡಿಯಂಥ ಮನುಷ್ಯ, ಮಾತು ಮಾತ್ರ ಮಿಲ್ಲಿನ ಹಾಗೆ. "ಒರಗ್ಬೇಡಿ ಅಮ್ಮ, ಮುಟ್ಬೇಡಿ ಅಮ್ಮ" ಅನ್ನುತ್ತಲೇ ಅಂಬಾರಿ ತೋರಿಸಿದ, ದಸರಾ ಮೆರವಣಿಗೆಯ ಚಿತ್ರ ತೋರಿಸಿದ. ಒಂದು ಒಳ ಅಂಗಳದ ಹತ್ತಿರ ನಿಲ್ಲಿಸಿ, ವಿಜಯದಶಮಿ ದಿನ ಇಲ್ಲಿ ಜಟ್ಟಿಗಳ ಕಾಳಗ ನಡೆಯುತ್ತದೆ, ತಲೆ ಬೋಳಿಸಿಕೊಂಡು ಮುಷ್ಟಿಗೆ ಆಯುಧ ತೊಟ್ಟು ಹೊಡೆದಾಡುತ್ತಾರೆ, ಯಾರ ತಲೆಯಿಂದಲಾದರೂ ಒಂದು ತೊಟ್ಟು ರಕ್ತ ಬಂತೋ, ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ ಅಂದ. ಹೆಂಗಸರೆಲ್ಲ ಅಯ್ಯಯ್ಯೋ ಅಂದರು.

ತಂಗಿ ನನ್ನ ಕಿವಿಗೆ ಹತ್ತಿರ ಬಂದು, "ನಿಲ್ಲುಸ್ಬುಡ್ತಾರಂತಲ್ಲಕ್ಕ" ಅಂದಳು.

ಕಲ್ಯಾಣ ಮಂಟಪಕ್ಕೆ ಬಂದು ಎಲ್ಲರೂ ಕತ್ತೆತ್ತಿ ನವಿಲು ನೋಡುತ್ತಿದ್ದಾಗ ಅವನು ಬಂದ. ಬೈಕಿನಲ್ಲಿ ಬಂದಿದ್ದ, ತಲೆಯೆಲ್ಲ ಧೂಳು. ಒಂದು ಮಾತಿಲ್ಲ ಕತೆಯಿಲ್ಲ, ನೇರ ಬಂದು ಬಾರಿಸಿದ. ಎರಡನೇ ಏಟಿಗೆ ಅವಳ ಮೂಗಿನಿಂದ ರಕ್ತ ಬಂತು. ಜುಟ್ಟು ಹಿಡಿದು ಎಳೆದ. "ನಡಿಯೇ ಮನೆಗೆ, ಮೆರೀತಿದ್ದೀಯಾ?" ಅಂದ. ನಾನು ಅವನ ಕೈ ಕಚ್ಚಿದೆ. ನಿಜ ಹೇಳುತ್ತೇನೆ, ಹಲ್ಲು ಊರಿ ಕಚ್ಚಿದೆ. ಅವನು ಕೊಡವಿದ ಏಟಿಗೆ ಕಂಬಕ್ಕೆ ಹೋಗಿ ಬಿದ್ದೆ. ಅಷ್ಟು ಜನ ಇದ್ದರು, ದೊಡ್ಡ ಗುಂಡಿಗೆಯ ಗಂಡಸರು, ಒಬ್ಬನಾದರೂ ಮುಂದೆ ಬರಬೇಕಲ್ಲ! ಗೈಡು, "ಸಂಸಾರದ ಗಲಾಟೆ ಎಲ್ಲ ಆಚೆ ಇಟ್ಕೊಳ್ಳಿ, ಇದು ಅರಮನೆ" ಅಂದ.

ಕೊನೆಗೆ ಕಾವಲಿನವರು ಬಂದು ಅವನನ್ನು ರೆಟ್ಟೆ ಹಿಡಿದು ಆಚೆಗೆ ಎಳೆದುಕೊಂಡು ಹೋದರು. ತಿರುಗಿ ನೋಡಿದರೆ ತಂಗಿ ಮಂಡಿಯೂರಿ ಕೂತು, ನೆಲದ ಮೇಲೆ ಬಿದ್ದಿದ್ದ ತನ್ನ ರಕ್ತವನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಮೂಗಿನಿಂದ ಇನ್ನೂ ತೊಟ್ಟಿಕ್ಕುತ್ತಲೇ ಇತ್ತು, ಒರೆಸಿದ ಜಾಗದಲ್ಲೇ ಮತ್ತೆ ಬೀಳುತ್ತಿತ್ತು. "ತಪ್ಪಾಯ್ತು ಸಾರ್, ತಪ್ಪಾಯ್ತು" ಅನ್ನುತ್ತಿದ್ದಳು ಗೈಡಿಗೆ. ಆ ಏಟು ನೋಡಿದಾಗ ಆಗದಷ್ಟು ಸಂಕಟ ನನಗೆ ಅದನ್ನು ನೋಡಿ ಆಯಿತು. ಎಬ್ಬಿಸಿ ಕರೆದುಕೊಂಡು ಬಂದೆ.

ಬಸ್ಸು ಹುಣಸೂರು ದಾಟಿತು. ಆಮೇಲೆ ತಂಗಿಯ ಊರಿನ ಹಿರಿಯ ಹೆಂಗಸೊಬ್ಬಳು ಶುರುಮಾಡಿದಳು. ಸಂಘಕ್ಕೆಲ್ಲ ಅವಳು ದೊಡ್ಡಮ್ಮ, ಅವಳ ಮಾತೆಂದರೆ ಎಲ್ಲರಿಗೂ ಮರ್ಯಾದೆ.

"ಗಂಡ್ಸು ಅಂದ್ಮೇಲೆ ಒಸಿ ಕ್ವಾಪ ಇದ್ದೇ ಇರ್ತದೆ ಕಣವ್ವ. ನೀನೂ ಹೇಳ್ದೆ ಬರಬಾರ್ದಾಗಿತ್ತು. ಸಂಜೆಗೆ ಹೋಗಿ ಕಾಲಿಗ್ ಬಿದ್ಬುಡು, ಸರಿಹೋಯ್ತದೆ."

"ನೀ ಬೀಳು ಹೋಗಿ!" ಅಂದೆ ನಾನು. ದೊಡ್ಡವರು ಚಿಕ್ಕವರು ಅಂತ ನೋಡದೆ ಬಾಯಿಗೆ ಬಂದದ್ದು ಅಂದೆ. ತಂಗಿ ನನ್ನ ಕೈ ಅದುಮಿ, "ಸುಮ್ಕಿರಕ್ಕ, ಹೆಂಗೂ ಹೋಗ್ಬೇಕಲ್ಲ, ಹುಳ ಅವೆ" ಅಂದಳು.

ಬೈಲಕುಪ್ಪೆಯ ಆ ದೇವಸ್ಥಾನದೊಳಗೆ ಕಾಲಿಟ್ಟರೆ ತಣ್ಣಗೆ. ಚಾವಣಿ ಮುಟ್ಟುವ ಹಾಗೆ ಮೂರು ಚಿನ್ನದ ಬುದ್ಧರು. ಕನ್ನಡ ಬಲ್ಲ ಒಬ್ಬರು ಸನ್ಯಾಸಿ, ನಡುವಯಸ್ಸಿನವರು, ನಮ್ಮನ್ನು ಸುತ್ತಾಡಿಸಿದರು. ಗೋಡೆ ತುಂಬ ಚಿತ್ರ. ಕೆಲವು ನೋಡಿ ನಮಗೆ ಎದೆ ಝಲ್ಲೆಂದಿತು: ಕೋರೆಹಲ್ಲು, ಕೆಂಡದ ಕಣ್ಣು, ಬುರುಡೆಯ ಮಾಲೆ, ಸುತ್ತಲೂ ಬೆಂಕಿ, ಕಾಲ ಕೆಳಗೆ ಯಾರನ್ನೋ ತುಳಿದುಕೊಂಡು ನಿಂತಿರುವ ಮೂರ್ತಿ. ದಾರಿಯುದ್ದಕ್ಕೂ ಸೆರಗು ಮೂಗಿಗೆ ಒತ್ತಿಕೊಂಡೇ ಇದ್ದ ತಂಗಿ ಅದರ ಮುಂದೆ ನಿಂತುಬಿಟ್ಟಳು.

"ಇವ್ರು ರಾಕ್ಷಸರಾ ಸಾಮಿ?"

"ಇಲ್ಲಮ್ಮ, ಇವರೂ ದೇವರೇ. ಮನಸ್ಸು ತುಂಬ ಕರುಣೆ" ಅಂದರು ಅವರು. "ಮೆತ್ತಗೆ ಹೇಳಿದರೆ ಕೆಲವರಿಗೆ ತಿಳಿಯಲ್ಲ. ಅಂಥವರಿಗೆ ಈ ಮುಖ."

ಅವಳು ಅದನ್ನು ಬಹಳ ಹೊತ್ತು ನೋಡಿದಳು. ನಾವೆಲ್ಲ ಬಾಗಿಲಿಗೆ ಬಂದ ಮೇಲೂ ಅವಳು ಅಲ್ಲೇ ಇದ್ದಳು, ನಾನೇ ಹೋಗಿ ಕರೆತರಬೇಕಾಯಿತು.

ಆಚೆ ಬಂದು ಎಲ್ಲರೂ ಚಪ್ಪಲಿ ಕೈಗೆತ್ತಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಹುಲ್ಲಿನ ಅಂಗಳ ದಾಟಿಕೊಂಡು ಅವನು ಬಂದ. ಅರಮನೆ ಕಾವಲಿನವರು ಬಿಟ್ಟ ಮೇಲೆ ಬೈಕು ಹತ್ತಿ ಅಲ್ಲಿಗೂ ಬಂದಿದ್ದ! ಈ ಸಲ ಹೊಡೆಯಲಿಲ್ಲ. ಎದುರಿಗೆ ನಿಂತು ಹಲ್ಲುಬಿಟ್ಟ.

"ಹುಳ ಹುಳ ಅಂತ ಸಾಯ್ತಿದ್ಯಲ್ಲ? ಬೆಳಿಗ್ಗೆ ಹೊರಡೋಕ್ ಮುಂಚೆ ಎಲ್ಲಾನೂ ತಿಪ್ಪೆಗೆ ಸುರ್ದು ಬಂದಿವ್ನಿ. ಒಂದ್ ತಟ್ಟೇನೂ ಬುಟ್ಟಿಲ್ಲ. ಕೋಳಿ ತಿಂತಾ ಅವೆ. ಈಗ ಬಾರೆ, ಗುಡುಸು ಬಾ."

ತಂಗಿ ಅವನನ್ನೇ ನೋಡಿದಳು. "ಜ್ವರದಾಗಿದ್ದವ?" ಅಂದಳು, ಉಸಿರೇ ಇಲ್ಲದ ದನಿಯಲ್ಲಿ. "ಜ್ವರದಾಗಿದ್ದವನ್ನ ಮುಟ್ದಾ?"

"ಹ್ಞೂ ಕಣೇ, ಮುಟ್ದೆ. ಏನೀಗ?"

ಮೊದಲನೇ ಚಪ್ಪಲಿ ಏಟು ಬಿದ್ದದ್ದು ನನ್ನದಲ್ಲ. ದೊಡ್ಡಮ್ಮನದು. ಬಸ್ಸಿನಲ್ಲಿ ಕಾಲಿಗೆ ಬೀಳು ಅಂದವಳದು. "ಥೂ ನಿನ್ನ! ಜ್ವರಕ್ಕೆ ಕುಂತ ಹುಳನ್ನ ತಿಪ್ಪೆಗ್ ಹಾಕ್ದಾ? ನೀನು ಮನುಷ್ಯನೇನ್ಲಾ?" ಅಂತ ಕೂಗಿ ಬಾಯಿಗೇ ಬಾರಿಸಿದಳು. ಆಮೇಲೆ ಇಡೀ ಬಸ್ಸೇ ಬಿತ್ತು ಅವನ ಮೇಲೆ. ಅವನು ಕೆಳಗೆ ಬಿದ್ದ, ಮುಖ ಮುಚ್ಚಿಕೊಂಡ. ಕೈ ಮೇಲೆ, ಬೆನ್ನ ಮೇಲೆ, ಎಲ್ಲೆಂದರಲ್ಲಿ ಹೊಡೆದೆವು. ನಾನೂ ತೋಳು ಸೋಲುವಷ್ಟು ಹೊಡೆದೆ, ಖುಷಿಯಿಂದ ಹೊಡೆದೆ. ಆದರೆ ಹೆಂಡತಿಯ ಮೂಗು ಒಡೆದಾಗ ಹೊಂದಿಕೋ ಅಂದ ಹೆಂಗಸರು ಹುಳುವಿಗಾಗಿ ಚಪ್ಪಲಿ ಎತ್ತಿದ್ದರು. ಅದನ್ನು ನೆನೆದರೆ ಈಗಲೂ ಅವರ ಮೇಲೂ ನನಗೆ ಸಿಟ್ಟು ಬರುತ್ತದೆ.

ಸದ್ದು ಕೇಳಿ ಆ ಸನ್ಯಾಸಿ ಓಡಿಬಂದರು. "ಬೇಡಮ್ಮ, ಇಲ್ಲಿ ಬೇಡ, ಸಾಕು" ಅಂತ ಎರಡೂ ಕೈ ಮುಗಿದರು. ನಾವು ಎತ್ತಿದ ಕೈ ಎತ್ತಿಕೊಂಡೇ ನಿಂತೆವು. ಎಲ್ಲರೂ ತಂಗಿಯ ಕಡೆ ತಿರುಗಿದೆವು. ಅವಳು ಒಂದು ಏಟೂ ಹೊಡೆದಿರಲಿಲ್ಲ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ದೂರ ನಿಂತಿದ್ದಳು. ಬಿಡಿಸಿಕೊಳ್ಳುತ್ತಾಳೆ ಅಂತಲೇ ನಾನು ಅಂದುಕೊಂಡೆ. ಎಷ್ಟು ಸಲ ನಾನು ಅವನ ಮೇಲೆ ಹೋದಾಗ ನನ್ನ ಕಾಲು ಹಿಡಿದಿದ್ದವಳು ಅವಳು!

ಅವಳು ಸನ್ಯಾಸಿಗೆ ಕೈ ಮುಗಿದಳು.

"ಇನ್ನೊಸಿ ಹೊತ್ತು ಬುಡಿ ಸಾಮಿ" ಅಂದಳು.

ಅವರು ತಲೆ ತಗ್ಗಿಸಿದರು. ಇನ್ನೊಸಿ ಹೊತ್ತು ಹೊಡೆದೆವು.

ಅವನನ್ನು ಅಲ್ಲೇ ಬಿಟ್ಟು ವಾಪಸು ಬರುವಾಗ ಅವಳು ದಾರಿಯುದ್ದಕ್ಕೂ ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ, ನನ್ನ ಭುಜಕ್ಕೆ ಒರಗಿಸಿಕೊಂಡು ಕೂತೆ. ಚನ್ನಪಟ್ಟಣ ದಾಟುವ ಹೊತ್ತಿಗೆ ಅಳು ನಿಂತಿತ್ತು. ದೀಪ ಹಚ್ಚುವ ಹೊತ್ತಿಗೆ ಬಸ್ಸು ಅವಳ ಊರಿನ ಅರಳಿಕಟ್ಟೆಯ ಹತ್ತಿರ ನಿಂತಿತು. ನಮ್ಮೂರು ಅದರ ಮುಂದಿನದು. ಆ ಊರಿನ ಹೆಂಗಸರೆಲ್ಲ ಚೀಲ ಎತ್ತಿಕೊಂಡು ಇಳಿದರು. ದೊಡ್ಡಮ್ಮ ಮೆಟ್ಟಿಲ ಮೇಲೆ ತಿರುಗಿ ನಿಂತು ಇವಳನ್ನು ನೋಡಿದಳು. ಕಟ್ಟೆಯ ಆಚೆ ಇವಳ ಮನೆಯ ಹಂಚು ಕಾಣುತ್ತಿತ್ತು, ಒಳಗೆ ಯಾರೂ ದೀಪ ಹಾಕಿರಲಿಲ್ಲ. ಈ ಸಲ ನಾನು ಬಾ ಅನ್ನಲಿಲ್ಲ, ಹೋಗಬೇಡ ಅಂತಲೂ ಅನ್ನಲಿಲ್ಲ.

"ಇಳಿಯೋರು ಇನ್ಯಾರಾದ್ರೂ ಇದ್ದೀರಾ?" ಅಂತ ಡ್ರೈವರ್ ಕೂಗಿದ.

ತಂಗಿ ಕಿಟಕಿಯಿಂದ ಮುಖ ತಿರುಗಿಸಿದಳು.

"ಯಾರೂ ಇಲ್ಲ, ಹೊರಡಣ್ಣ" ಅಂದಳು. "ನಾನು ಮುಂದಿನ ಊರು."