ಕರಿಕೊಕ್ಕಿನ ಗಿಳಿ

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹಿಂದೆ ಇವತ್ತು ಅತ್ತಿಹಣ್ಣೊಂದು ಚಪ್ಪಲಿಗೆ ಸಿಕ್ಕು ಪಿಚಕ್ಕೆಂದಿತು. ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಕಾಕಾ ನೆನಪಾದರು. ನನ್ನ ಮೇಲೆ ನನಗೇ ಸಿಟ್ಟು ನೆತ್ತಿಗೇರಿತು.

ಕಾಕಾ ಜೋಯಿಡಾದ ಕಾಡಿನಲ್ಲಿ ಗಾರ್ಡ್ ಆಗಿದ್ದು, ನಿವೃತ್ತರಾಗಿ ಊರಿಗೆ ಬಂದಿದ್ದರು. ನಾನೊಬ್ಬ ದೊಡ್ಡ ಶಾಣ್ಯಾ, ತಾಳಿಕೋಟೆಯ ಸಂತೆಯಲ್ಲಿ ಒಂದು ಗಿಳಿ ಕೊಂಡು ತಂದೆ. ಬೂದು ಮೈ, ನೀಲಿ ರೆಕ್ಕೆ, ಕೊಕ್ಕು ಮಾತ್ರ ಕಪ್ಪು. ಮೆಣಸಿನಕಾಯಿ ತಿನ್ನಿಸಿದರೆ ಕೆಂಪಾಗುತ್ತದೆ ಎಂದ ಮಾರುವವ. ನಮ್ಮ ಜೋಳದ ಹೊಲಕ್ಕೆ ಬೀಳುವ ಗಿಳಿಗಳ ಕೊಕ್ಕೆಲ್ಲ ಕೆಂಪೇ ಅಲ್ಲವೇ, ನಂಬಿದೆ. ದಿನಾ ಎರಡು ಹಸಿಮೆಣಸಿನಕಾಯಿ ತುರುಕಿದೆ.

ಒಂದು ಸಂಜೆ ಪಂಜರ ನೋಡಿದ ಕಾಕಾ ಕೆಂಡವಾದರು.

“ಇದು ಹೆಣ್ಣೈತೋ ಹುಚ್ಚಾ. ಈ ಜಾತ್ಯಾಗ ಹೆಣ್ಣಿನ ಕೊಕ್ಕು ಸಾಯೂತನಕ ಕರೀದ.”

ಘಟ್ಟದ ಕಾಡು ಬಿಟ್ಟರೆ ಈ ಗಿಳಿ ಬೇರೆಲ್ಲೂ ಇಲ್ಲವಂತೆ. ಮರಕುಟಿಗ ಬಿಟ್ಟುಹೋದ ಎತ್ತರದ ಪೊಟರೆಯಲ್ಲಿ ಹೆಣ್ಣು ಕಾವಿಗೆ ಕೂತರೆ, ಗಂಡು ಅತ್ತಿಹಣ್ಣು ತಿಂದು ಬಂದು ಅದರ ಬಾಯಿಗೆ ಕಕ್ಕಿ ಉಣಿಸುತ್ತದಂತೆ...

“ಪೊಟರಿಗೆ ಕೈ ಹಾಕೇ ಹಿಡದಾರ ಇದನ್ನ. ರೆಕ್ಕಿ ಬ್ಯಾರೆ ಕತ್ತರಿಸ್ಯಾರ, ಇಲ್ಲಿ ಬಿಡಬ್ಯಾಡ. ನಾಳೆ ಮುಂಜಾನೆ ನಾನ ಜೋಯಿಡಾಕ್ಕ ಒಯ್ತೇನಿ. ಗರಿ ಬರೂತನಕ ಅಲ್ಲಿಯವರು ಜ್ವಾಕಿ ಮಾಡ್ತಾರ.”

ಇಂಥ ಹಕ್ಕಿ ಸಾಕುವುದು ಗುನ್ಹೆ ಎಂದೂ ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಆ ಮಾತೊಂದೇ. ಕೇಸಿಗೆ ಅಂಜಿ, ಬೆಳಕು ಹರಿಯುತ್ತಲೇ ಮಾಳಿಗೆ ಹತ್ತಿ ಪಂಜರ ತೆರೆದೆ. ಗಿಳಿ ಹಾರಲಿಲ್ಲ, ಅಂಗಳಕ್ಕೆ ಬಿತ್ತು. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಬೆಕ್ಕು ಕಚ್ಚಿಕೊಂಡು ಹೋಗಿತ್ತು.

ಕಾಕಾ ಕೈಚೀಲ ಹಿಡಿದು ಬಂದರು. ದಾರಿಯಲ್ಲಿ ಗಿಳಿಗೆ ತಿನ್ನಿಸಲೆಂದು ಅತ್ತಿಹಣ್ಣು ಆರಿಸಿ ತಂದಿದ್ದರು.

“ಬಿಟ್ಟಬಿಟ್ಟೆ ಕಾಕಾ,” ಎಂದೆ.

“ಎಲ್ಲಿ?”

ಅಂಗಳದ ನೀಲಿ ಗರಿಗಳನ್ನು ಅವರೇ ನೋಡಿದರು. ಚೀಲವನ್ನು ಕಟ್ಟೆಯ ಮೇಲಿಟ್ಟು ಹೋದವರು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಗಿಳಿಯನ್ನು ಹಾರಿಬಿಟ್ಟೆ ಎಂದು ನಾನು ಓಣಿಗೆಲ್ಲ ಹೇಳಿಕೊಂಡು ತಿರುಗಿದೆ, ನಾಚಿಕೆಗೆಟ್ಟವ. ಕಾಕಾ ಒಮ್ಮೆಯೂ ಆ ಸುಳ್ಳನ್ನು ಬಯಲು ಮಾಡಲಿಲ್ಲ. ಹೋದ ವರ್ಷ ತೀರಿಕೊಂಡರು... ತಪ್ಪಾಯಿತು ಎಂದು ನಾನು ಹೇಳಲೇ ಇಲ್ಲ.

ಚಪ್ಪಲಿಯನ್ನು ಕಲ್ಲಿಗೆ ಉಜ್ಜುತ್ತ ನಿಂತಿದ್ದೆ. ಓಣಿಯ ಹಿರಿಯರೊಬ್ಬರು ಪಕ್ಕದಲ್ಲಿದ್ದವರಿಗೆ ನನ್ನನ್ನು ತೋರಿಸಿ, “ಗಿಳಿ ಬಿಟ್ಟು ಪುಣ್ಯಾ ಕಟಗೊಂಡಾವ್ರು ಇವರ ನೋಡ್ರಿ,” ಎಂದರು.

ಮೈಯೆಲ್ಲ ಉರಿಯಿತು. ಈ ಸಲವಾದರೂ ಖರೆ ಹೇಳಬೇಕೆಂದು ಬಾಯಿ ತೆರೆದೆ.

“ಹೌದ್ರಿ,” ಎಂದೆ.